ಅವ್ವ ಸೋಸಿದ ಪೆಟ್ರೋಲು

ಮೊನ್ನೆ ಸಂಜೆ ಖಾನಾಪುರ ರಸ್ತೆಯಲ್ಲಿ ಯಾವುದೋ ಮೆರವಣಿಗೆಗೆಂದು ಪೊಲೀಸರು ವಾಹನಗಳನ್ನೆಲ್ಲ ತಡೆದಿದ್ದರು. ನಾನು ರಿಕ್ಷಾದಲ್ಲಿ ಕೂತಿದ್ದೆ. ಪಕ್ಕಕ್ಕೆ ಒಂದು ಹಳೆಯ ಮೋಟಾರ್ ಸೈಕಲ್ ಬಂದು ನಿಂತು ಹಿಂಬದಿಯಿಂದ ನೀಲಿ ಹೊಗೆ ಬಿಡತೊಡಗಿತು. ರಿಕ್ಷಾದವನು ಮೂಗಿಗೆ ಕರವಸ್ತ್ರ ಹಿಡಿದು ಗೊಣಗಿದ. ನಾನು ತಲೆ ಹೊರಗೆ ಹಾಕಿ ಎರಡು ಸಲ ಗಟ್ಟಿಯಾಗಿ ಉಸಿರೆಳೆದುಕೊಂಡೆ. ದಿನಾ ಮುಂಜಾನೆ ಪ್ರಾಣಾಯಾಮ ಮಾಡಿರೆಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಅಷ್ಟು ಶ್ರದ್ಧೆಯಿಂದ ನಾನು ಉಸಿರೆಳೆದದ್ದು ಅದೇ ಮೊದಲು. ಪೆಟ್ರೋಲಿನ ಜೊತೆ ಎಣ್ಣೆ ಬೆರೆತು ಸುಟ್ಟ ಆ ವಾಸನೆಗೆ ನೀವೂ ಮೂಗು ಮುಚ್ಚಿಕೊಳ್ಳುತ್ತೀರಿ. ನನಗೆ ಅದು ನಮ್ಮ ಅವ್ವನ ಸೆರಗಿನ ವಾಸನೆ. ದಿನಾ ಬಸದಿಗೆ ಹೋಗಿ ಬರುವ ಹೆಂಗಸಿನ ಸೆರಗಿಗೆ ಆ ವಾಸನೆ ಹೇಗೆ ಹತ್ತಿತು ಎಂದು ಕೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಮೆರವಣಿಗೆ ಹೇಗೂ ಮುಂದೆ ಸಾಗುವ ಹಾಗಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಆಗ ನಾವು ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿದ್ದೆವು. ಮನೆಯಲ್ಲಿ ನಾನು, ಅವ್ವ, ಮತ್ತು ಅಪ್ಪ ಬಿಟ್ಟುಹೋದ ಎರಡು ಸ್ಟ್ರೋಕಿನ ಮೋಟಾರ್ ಸೈಕಲ್. ಅದನ್ನೂ ಮನೆಮಂದಿಯೊಳಗೇ ಎಣಿಸಬೇಕು, ಏಕೆಂದರೆ ಅದು ಮಲಗುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ. ಅದಕ್ಕೆ ಪೆಟ್ರೋಲಿನೊಳಗೇ ಎಣ್ಣೆ ಬೆರೆಸಿ ಕುಡಿಸಬೇಕು. ಎಣ್ಣೆ ಹೆಚ್ಚಾದರೆ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ, ಕಡಿಮೆಯಾದರೆ ಇಂಜಿನ್ನು ಹಿಡಿದುಕೊಳ್ಳುತ್ತದೆ. ಅಳಿಯನಿಗೆ ಬಡಿಸಿದಷ್ಟೇ ಎಚ್ಚರಿಕೆಯಿಂದ ಅದಕ್ಕೆ ಬಡಿಸುತ್ತಿದ್ದೆವು.

ಬೆಳಗ್ಗೆ ನಾನು ಕಿಕ್ ಹೊಡೆಯುವ ಮುಂಚೆ ಅವ್ವ ಒಂದು ಲಟ್ಟಣಿಗೆ ತಂದು ಸೈಲೆನ್ಸರಿನ ತುದಿಯನ್ನು ಮೆಲ್ಲಗೆ ಬಡಿಯುತ್ತಿದ್ದಳು. ಒಳಗೆ ಇರುವೆಯೋ ಜೇಡವೋ ಮಲಗಿದ್ದರೆ ಎದ್ದು ಹೋಗಲಿ, ಬಿಸಿ ಹೊಗೆಗೆ ಸಾಯದಿರಲಿ ಎಂದು. ಬಡಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು; ಹುಳಕ್ಕೂ ನಡೆದು ಹೊರಗೆ ಬರಲು ವೇಳೆ ಬೇಕಲ್ಲ. ನಾನು ಹೆಲ್ಮೆಟ್ಟು ಹಾಕಿಕೊಂಡು ಇರುವೆಯ ದಾರಿ ಕಾಯುತ್ತ ನಿಂತಿರುವುದನ್ನು ನೋಡಿ ಎದುರು ಮನೆಯವರು ನಗುತ್ತಿದ್ದರು. ಅದೇ ಲಟ್ಟಣಿಗೆಯಲ್ಲಿ ಚಪಾತಿಯನ್ನೂ ಲಟ್ಟಿಸುತ್ತಿದ್ದಳೇ ಎಂಬ ಸಂಶಯ ನಿಮಗೆ ಬಂದಿದ್ದರೆ, ಇಲ್ಲ. ಅಡಿಗೆಗೆ ಬೇರೆ ಇತ್ತು.

ನನ್ನ ನೌಕರಿ ಖಾನಾಪುರದ ದನದ ದವಾಖಾನೆಯಲ್ಲಿ. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಜಾಂಬೋಟಿಯಿಂದ ಕಣಕುಂಬಿಯವರೆಗೆ ಎಲ್ಲರೂ ನನ್ನನ್ನು ಡಾಕ್ಟರೆಂದೇ ಕರೆಯುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. ದನಗಳನ್ನು ಅಡವಿಗೆ ಮೇಯಲು ಬಿಡುವ ಮುಂಚೆ ಹಳ್ಳಿ ಮುಟ್ಟಬೇಕಾದ್ದರಿಂದ ನಸುಕಿನಲ್ಲೇ ಹೊರಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಸಂಜೆ ನಾಲ್ಕಕ್ಕೆ ನನ್ನನ್ನು ಬಿಟ್ಟುಬಿಡುತ್ತಿದ್ದರು. ಮೊಣಕೈವರೆಗೆ ಕೈ ಹಾಕಿ ಎಮ್ಮೆಯ ಹೊಟ್ಟೆಯೊಳಗಿನ ಕರುವಿನ ಕಾಲು ಹುಡುಕುವ ನನಗೆ ಮೋಟಾರ್ ಸೈಕಲ್ಲಿನ ಒಂದು ಸ್ಕ್ರೂ ಮುಟ್ಟಲು ಹೆದರಿಕೆಯಾಗುತ್ತಿತ್ತು. ಎಮ್ಮೆಯಲ್ಲಿ ಯಾವುದೂ ಕಳಚಿ ಕೆಳಗೆ ಬಿದ್ದು ಹುಲ್ಲಿನಲ್ಲಿ ಕಳೆದುಹೋಗುವುದಿಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಇದು ಹುಟ್ಟಿದಾಗಿನಿಂದ ಬಂದ ರೂಢಿ, ಕಷ್ಟವೆನಿಸುತ್ತಿರಲಿಲ್ಲ. ಆದರೆ ಅವ್ವನಿಗೆ ಇನ್ನೊಂದು ನೇಮವಿತ್ತು. ಅದನ್ನು ಯಾವ ಮುನಿಗಳೂ ಕೊಟ್ಟಿರಲಿಲ್ಲ, ತಾನೇ ಹಾಕಿಕೊಂಡದ್ದು. ನಾನು ಮನೆಗೆ ಬರುವವರೆಗೆ ಅವಳು ಉಣ್ಣುತ್ತಿರಲಿಲ್ಲ. ಅಪ್ಪ ಒಂದು ದಿನ ತಮ್ಮ ಬಟ್ಟೆ ಅಂಗಡಿಗೆ ಅರಿವೆ ತರಲು ಹುಬ್ಬಳ್ಳಿಗೆ ಹೋದವರು ಅಲ್ಲೇ ಎದೆ ಹಿಡಿದು ತೀರಿಕೊಂಡಿದ್ದರು. ಸುದ್ದಿ ಬಂದಾಗ ಅವ್ವ ಉಂಡು ತಾಟು ತೊಳೆಯುತ್ತಿದ್ದಳು. ಅವರು ಅಲ್ಲಿ ಜೀವ ಬಿಡುವ ಹೊತ್ತಿಗೆ ತಾನು ಇಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡೆ ಎಂಬುದನ್ನು ಅವಳು ಮರೆಯಲೇ ಇಲ್ಲ. ಅಂದಿನಿಂದ ಸಂಜೆಯಾದರೆ ಎರಡು ತಾಟು ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂಡುತ್ತಿದ್ದಳು.

ಎರಡೂ ನೇಮ ಕೂಡಿದರೆ ಏನಾಗುತ್ತದೆ ಎಂದು ನಿಮಗೆ ಹೊಳೆದಿರಬೇಕು. ನಾನು ಹೊತ್ತು ಮುಳುಗುವ ಮುಂಚೆ ಬಂದರೆ ಇಬ್ಬರದೂ ಊಟ. ತಡವಾದರೆ ಇಬ್ಬರೂ ಉಪವಾಸ. ನನ್ನದೇನು, ಹರೆಯದ ಹೊಟ್ಟೆ, ಒಂದು ರಾತ್ರಿ ತಡೆದುಕೊಳ್ಳುತ್ತಿತ್ತು. ಅವ್ವನಿಗೆ ಆ ವರ್ಷವೇ ಸಕ್ಕರೆ ಕಾಯಿಲೆ ಹತ್ತಿತ್ತು. ಸಂಜೆ ಗುಳಿಗೆ ನುಂಗಿದ ಕೂಡಲೇ ಉಣ್ಣಬೇಕು, ಇಲ್ಲದಿದ್ದರೆ ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೆ ಕುತ್ತು ಬರಬಹುದೆಂದು ವೈದ್ಯರು ಎದುರಿಗೆ ಕೂಡಿಸಿಕೊಂಡು ಹೇಳಿದ್ದರು. ಅವಳು ತಲೆಯಾಡಿಸಿ ಬಂದಿದ್ದಳು. ಗುಳಿಗೆಯನ್ನು ವೇಳೆಗೆ ಸರಿಯಾಗಿ ನುಂಗುತ್ತಿದ್ದಳು. ಊಟಕ್ಕೆ ಮಾತ್ರ ನನ್ನ ದಾರಿ ಕಾಯುತ್ತಿದ್ದಳು.

ಆ ಮಳೆಗಾಲದಲ್ಲಿ ಗಾಡಿ ಒಂದು ದಿನ ಗಲ್ಲಿಯ ಬಾಯಲ್ಲೇ ನಿಂತಿತು. ಮೂಲೆಯ ಗ್ಯಾರೇಜಿನ ಪರಶುರಾಮ ನೋಡಿ, ಪೆಟ್ರೋಲಿನ ಟಾಕಿಯೊಳಗೆ ಮಳೆನೀರು ಇಳಿದಿದೆ, ಟಾಕಿಯ ಕೆಳಗಿನ ನಳದೊಳಗೆ ಪೆಟ್ರೋಲು ಸೋಸುವ ಜಾಳಿಗೆಯೂ ತುಕ್ಕು ತಿಂದು ಉದುರಿದೆ ಎಂದ. ಹೊಸ ನಳ ಸಿಗುವವರೆಗೆ ಪೆಟ್ರೋಲನ್ನು ಸೋಸಿ ಹಾಕಿರಿ ಎಂದೂ ಹೇಳಿದ. ಹೊಸ ನಳ ಬೇಗ ಸಿಗಲಿಲ್ಲ. ಹಳೆಯ ಗಾಡಿಗಳ ಸಾಮಾನು ಆಗಲೇ ಅಂಗಡಿಗಳಿಂದ ಮಾಯವಾಗುತ್ತಿತ್ತು.

ಸೋಸುವುದು ಎಂಬ ಮಾತು ಅವ್ವನ ಕಿವಿಗೆ ಬಿತ್ತು. ಅದು ಅವಳ ಖಾತೆಯ ಕೆಲಸ. ನಮ್ಮಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಹೊಯ್ಯುವುದು, ಅರಿವೆಯ ಮೇಲೆ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಬಂದ ಬಾವಿಗೇ ತಿರುಗಿ ಬಿಡುವುದು, ಇದನ್ನು ಅವಳು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಬಂಕಿನಿಂದ ಡಬ್ಬಿಯಲ್ಲಿ ಪೆಟ್ರೋಲು ತರುವುದು, ಅವಳು ಅಂಗಳದಲ್ಲಿ ಕೂತು ನೀರು ಸೋಸಿ ಸೋಸಿ ಮೆತ್ತಗಾದ ಹಳೆಯ ಅರಿವೆಯಲ್ಲಿ ಅದನ್ನು ಸೋಸುವುದು ರೂಢಿಯಾಯಿತು. ಮೊದಲ ದಿನ ಸೋಸಿ ಮುಗಿದ ಮೇಲೆ ಅರಿವೆ ಹಿಡಿದುಕೊಂಡು ಬಹಳ ಹೊತ್ತು ವಿಚಾರ ಮಾಡಿದಳು.

“ತಮ್ಮಾ, ಇದರ ಮ್ಯಾಲೆ ಉಳದದ್ದನ್ನ ಎಲ್ಲಿಗೆ ತಿರಗಿ ಬಿಡೂದು?”

ಬಂಕಿಗೆ ಒಯ್ದು ಬಿಡಲು ಬರುವುದಿಲ್ಲ ಎಂದೆ. ಪೆಟ್ರೋಲಿನೊಳಗೆ ಯಾವ ಜೀವವೂ ಬದುಕುವುದಿಲ್ಲವೆಂದು ಎಷ್ಟು ಹೇಳಿದರೂ ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅರಿವೆಯನ್ನು ತುಳಸಿಕಟ್ಟೆಯಿಂದ ದೂರ, ನೆರಳಿನಲ್ಲಿ ಒಣಹಾಕಿದಳು. ನಳ ಹೊಸದಾಗುವ ಮಾತೇ ಆಮೇಲೆ ಹಿಂದೆ ಬಿತ್ತು, ಅವ್ವ ಸೋಸುತ್ತಾಳಲ್ಲ ಎಂದು.

ದೀಪಾವಳಿ ಮುಗಿದು ಹಗಲು ಚಿಕ್ಕದಾಯಿತು. ಆಗ ಶುರುವಾಯಿತು ನೋಡಿ. ಊರೊಳಗೆ ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಖಾನಾಪುರ ಬಿಟ್ಟು ಬೆಳಗಾವಿಯ ಕಡೆ ಏರು ಬಂದಾಗ ಎಕ್ಸಿಲೇಟರ್ ಜಗ್ಗಿದರೆ ಎರಡು ಸಲ ಬಿಕ್ಕಿ ನಿಂತುಬಿಡುತ್ತಿತ್ತು. ಅರ್ಧ ತಾಸು ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು, ಮುಂದಿನ ಏರಿಗೆ ಮತ್ತೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಸೂರ್ಯ ಹೋಗಿರುತ್ತಿದ್ದ. ಮನೆಗೆ ಬಂದರೆ ಎರಡೂ ತಾಟು ಮುಚ್ಚಿಟ್ಟಿರುತ್ತಿದ್ದವು. ನನಗೆ ಹಸಿವಿಲ್ಲ ಎಂದು ನಾನು ಹೇಳುವುದು, ತನಗೂ ಇಲ್ಲ ಎಂದು ಅವಳು ಹೇಳುವುದು. ಇಬ್ಬರೂ ಸುಳ್ಳರು. ನನ್ನನ್ನು ಕಾಯಬೇಡ, ಉಂಡುಬಿಡು ಎಂದು ಸಿಟ್ಟು ಮಾಡಿದೆ, ಕೈ ಮುಗಿದೆ, ಒಂದು ದಿನ ಮಾತು ಬಿಟ್ಟೂ ನೋಡಿದೆ. ಅವಳು ಹೂಂ ಅನ್ನುತ್ತಿದ್ದಳು, ಮರುದಿನ ಮತ್ತೆ ಬಾಗಿಲ ಕಡೆ ಮುಖ ಮಾಡಿ ಕೂಡುತ್ತಿದ್ದಳು. ಅವ್ವನನ್ನು ಬದಲಾಯಿಸುವುದಕ್ಕಿಂತ ಇಂಜಿನ್ನನ್ನು ದಾರಿಗೆ ತರುವುದು ಸುಲಭ ಎಂದು ನಾನು ನಿರ್ಧರಿಸಿದೆ. ಹೆದರಿಕೆ ಬದಿಗಿಟ್ಟು ಒಂದು ಪಾನಾ, ಒಂದು ಸ್ಕ್ರೂಡ್ರೈವರ್ ಕೊಂಡು ತಂದೆ.

ಪರಶುರಾಮನ ಪ್ರಕಾರ ಸೈಲೆನ್ಸರ್ ಮಸಿ ಕಟ್ಟಿತ್ತು. ಹೊಗೆ ಸಲೀಸಾಗಿ ಹೊರಗೆ ಹೋಗದಿದ್ದರೆ ಇಂಜಿನ್ನಿಗೆ ಉಬ್ಬಸ ಬರುತ್ತದೆ, ಏರಿನಲ್ಲಿ ದಮ್ಮು ಕಟ್ಟುತ್ತದೆ. ದನದ ದವಾಖಾನೆಯವನಿಗೆ ಇದು ಚೆನ್ನಾಗಿ ಅರ್ಥವಾಯಿತು. ಭಾನುವಾರ ಅವನು, ನಾನು ಕೂಡಿ ಅಂಗಳದಲ್ಲಿ ಸೈಲೆನ್ಸರ್ ಇಳಿಸಿದೆವು. ಅದರ ಹೊಟ್ಟೆಯೊಳಗೆ ಸದ್ದು ನುಂಗುವ ತೂತು ತೂತಿನ ಒಂದು ಕೊಳವೆ ಇರುತ್ತದೆ. ಹೊರಗೆ ಎಳೆದರೆ ಒಂದು ತೂತೂ ಕಾಣದಂತೆ ಮಸಿ ಮೆತ್ತಿಕೊಂಡಿತ್ತು. ಅದನ್ನು ಬೆಂಕಿಯಲ್ಲಿ ಸುಟ್ಟು ಬಡಿದರೆ ಮಸಿ ಹಪ್ಪಳದ ಹಾಗೆ ಉದುರುತ್ತದೆ. ಪರಶುರಾಮ ಕಡ್ಡಿ ಗೀರುವಷ್ಟರಲ್ಲಿ ಅವ್ವ ಬಂದು ಅವನ ಕೈ ಹಿಡಿದಳು. ಕೊಳವೆಯ ಒಳಗೆ ಇಣುಕಿ, ಲಟ್ಟಣಿಗೆಯಿಂದ ಬಡಿದು, ಬಿಸಿಲಿಗಿಟ್ಟು, ಯಾರೂ ಹೊರಬೀಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಪ್ಪಣೆ ಕೊಟ್ಟಳು. ಪರಶುರಾಮ ಚಹಾ ಕುಡಿದು ಬಂದ.

ಜೋಡಿಸುವುದನ್ನು ನಾನೇ ಮಾಡಿದೆ. ಇಂಜಿನ್ನು, ಸೈಲೆನ್ಸರು ಕೂಡುವಲ್ಲಿ ಹೊಸ ಉಂಗುರ ಕೂಡಿಸಿ, ಮುಂದಿನ ದೊಡ್ಡ ನಟ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ, ಹಿಂದಿನ ಬೋಲ್ಟನ್ನು ಕೊನೆಗೆ ಬಿಗಿಯಬೇಕು. ಅವಸರಕ್ಕೆ ಹಿಂದಿನದನ್ನು ಮೊದಲು ಬಿಗಿದರೆ ಮುಂದೆ ಸಂದು ಉಳಿದು ಹೊಗೆ ಸೋರುತ್ತದೆ. ನಾನು ಅವಸರ ಮಾಡಿ, ಸೋರಿಸಿ, ಬಿಚ್ಚಿ, ಮತ್ತೆ ಕೂಡಿಸಿದೆ. ಕಿಕ್ ಹೊಡೆದಾಗ ಬಂದ ಸದ್ದಿಗೆ ಎದುರು ಮನೆಯವರೂ ಹೊರಗೆ ಬಂದು ನೋಡಿದರು. ನಾನು ಮೀಸೆ ತಿರುವಿಕೊಂಡೆ.

ಮರುದಿನವೇ ಖಾನಾಪುರ ದಾಟಿ ಅದೇ ಏರಿನಲ್ಲಿ ಗಾಡಿ ನಿಂತಿತು. ಸೈಲೆನ್ಸರ್ ಮಸಿ ಕಟ್ಟಿದ್ದು ಖರೆ, ಆದರೆ ರೋಗ ಅದಾಗಿರಲಿಲ್ಲ. ನಾನು ರಸ್ತೆಯ ಬದಿಗೆ ಕೂತು, ಇವತ್ತು ಇದನ್ನು ಬಿಡುವುದಿಲ್ಲ ಎಂದುಕೊಂಡೆ. ಕೆಳಗೆ ಟವೆಲ್ ಹಾಸಿ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆ. ಪೆಟ್ರೋಲು ಬಂದು ನಿಲ್ಲುವುದು ಅಲ್ಲಿ. ಅಲ್ಲಿಂದ ಅದು ಜೆಟ್ ಎಂಬ ಹಿತ್ತಾಳೆಯ ಸಣ್ಣ ತುಂಡಿನ ತೂತಿನಿಂದ ಮೇಲೇರಿ ಇಂಜಿನ್ನಿಗೆ ಹೋಗುತ್ತದೆ. ಜೆಟ್ಟನ್ನು ಬಿಡಿಸಿ, ಚೀಲದಲ್ಲಿದ್ದ ದನದ ಸಿರಿಂಜಿನಲ್ಲಿ ಪೆಟ್ರೋಲು ತುಂಬಿ ಅದರೊಳಗೆ ಒತ್ತಿದೆ. ಬಿಳಿಯದೊಂದು ಹೊರಬಂದು ಟವೆಲಿನ ಮೇಲೆ ಬಿತ್ತು. ಬೆರಳ ತುದಿಯಲ್ಲಿ ಎತ್ತಿಕೊಂಡು ನೋಡಿದೆ, ನೂಲಿನ ಎಳೆ. ಹತ್ತಿಯ ನುಣುಪಾದ, ಸವೆದ ನೂಲು. ಪೆಟ್ರೋಲನ್ನು ಜೋರಾಗಿ ಎಳೆದಾಗ ಅದು ತೂತಿಗೆ ಅಡ್ಡ ಬೀಳುತ್ತಿತ್ತು, ಇಂಜಿನ್ನು ನಿಂತಾಗ ಸಡಿಲಾಗಿ ಕೆಳಗಿಳಿಯುತ್ತಿತ್ತು. ಆ ನೂಲಿನ ಗುರುತು ನನಗೆ ಕೂಡಲೇ ಸಿಕ್ಕಿತು. ಆ ಅರಿವೆಯಲ್ಲಿ ಸೋಸಿದ ನೀರು ಕುಡಿದೇ ನಾನು ಬೆಳೆದವನು.

ಎಲ್ಲ ಜೋಡಿಸಿ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ತುಂಬ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನೀರಿನಲ್ಲಿ ಬೆಲ್ಲ ಕಲಸಿ ತಂದು ಬಾಯಿಗೆ ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ಇದು ಊಟವೋ ಔಷಧವೋ ಎಂದು ಕೇಳಿದಳು. ಔಷಧ, ನಾನು ಡಾಕ್ಟರಲ್ಲವೇ ಎಂದೆ.

“ದನದ ಡಾಕ್ಟರ್” ಎಂದು ಅಷ್ಟು ನಿತ್ರಾಣದಲ್ಲೂ ಹೇಳಿ, ಕುಡಿದಳು. ಅವಳ ಕೈಯ ನಡುಕ ನಿಲ್ಲುವವರೆಗೆ ನಾನು ಲೋಟ ಕೆಳಗಿಡಲಿಲ್ಲ. ನನಗೆ ಅಷ್ಟು ಭಯ ಅಪ್ಪ ಹೋದ ದಿನವೂ ಆಗಿರಲಿಲ್ಲ.

ಬೆಳಗ್ಗೆ ಹೇಳುವುದೋ ಬೇಡವೋ ಎಂದು ಬಹಳ ತೂಗಿದೆ. ಅವ್ವನ ಉಪವಾಸಕ್ಕೆ ಅವ್ವನ ಅರಿವೆಯೇ ಕಾರಣವೆಂದು ಯಾವ ಬಾಯಿಂದ ಹೇಳಲಿ? ಆದರೆ ಹೇಳದಿದ್ದರೆ ಅವಳು ಸೋಸುವುದನ್ನು ನಿಲ್ಲಿಸುವವಳಲ್ಲ. ಹೇಳಿಬಿಟ್ಟೆ. ಅವಳು ಅಳಲಿಲ್ಲ, ವಾದಿಸಲಿಲ್ಲ. ಒಂದು ಗಾಜಿನ ಬಾಟಲಿಯಲ್ಲಿ ಸೋಸಿದ ಪೆಟ್ರೋಲು ತುಂಬಿಸಿ ಬಿಸಿಲಿಗೆ ಹಿಡಿದಳು. ಎಳೆಗಳು ಸಣ್ಣಗೆ ತೇಲುತ್ತಿದ್ದವು. ಕಣ್ಣು ಕಿರಿದು ಮಾಡಿ ನೋಡಿ, ಹಾಗಾದರೆ ಇಷ್ಟು ವರ್ಷ ನೀರಿನಲ್ಲೂ ನಾವು ನೂಲು ಕುಡಿದಿದ್ದೇವೆ ಎಂದಳು. ಮನುಷ್ಯರಿಗೆ ಜೆಟ್ ಇಲ್ಲ, ನಡೆಯುತ್ತದೆ ಎಂದೆ. ಆ ತೂತು ಎಲ್ಲಿದೆ ತೋರಿಸು ಎಂದಳು.

ಜೆಟ್ಟನ್ನು ಬಿಡಿಸಿ ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ತೂತಿನಲ್ಲಿ ಸೂಜಿಮೊನೆಯಷ್ಟು ಬೆಳಕು.

“ಇಷ್ಟ ಸಣ್ಣ ತೂತಿನ್ಯಾಗ ಹಾದು ನೀ ದಿನಾ ಮನಿಗಿ ಬರಬೇಕು?”

ಹೂಂ ಎಂದೆ. ಅವಳು ಜೆಟ್ಟನ್ನು ಒಮ್ಮೆ ಊದಿ ನನ್ನ ಕೈಗೆ ಕೊಟ್ಟಳು.

ನೀರನ್ನು ತಡೆದು ಪೆಟ್ರೋಲನ್ನಷ್ಟೇ ಬಿಡುವ ಮೆತ್ತನೆಯ ಚರ್ಮ ಸಿಗುತ್ತದೆ, ಅದರಲ್ಲಿ ಸೋಸಿರಿ ಎಂದು ಪರಶುರಾಮ ಸಲಹೆ ಕೊಟ್ಟ. ಚರ್ಮವೆಂಬ ಮಾತಿಗೆ ಅವ್ವ ಅವನನ್ನು ನೋಡಿದ ರೀತಿಗೆ ಅವನು ತಾನಾಗಿಯೇ ಮಾತು ಬದಲಿಸಿದ. ದಾರಿ ಹುಡುಕಿದವಳು ಅವಳೇ. ಪೆಟ್ರೋಲನ್ನು ಗಾಜಿನ ಭರಣಿಯಲ್ಲಿ ಅಲುಗಾಡಿಸದೆ ಇಟ್ಟರೆ ನೀರು, ತುಕ್ಕು ತಳಕ್ಕೆ ಕೂಡುತ್ತವೆ. ಮಜ್ಜಿಗೆಯ ಮೇಲಿನ ತಿಳಿ ತೆಗೆದಂತೆ ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಆಮೇಲೆ ಹಿತ್ತಾಳೆಯ ಸಣ್ಣ ಜಾಳಿಗೆ ಬೆಸೆದ ಲಾಳಿಕೆಯಲ್ಲಿ ಹಾಯಿಸಬೇಕು. ಜಾಳಿಗೆಯನ್ನು ತಾನೇ ಪೇಟೆಗೆ ಹೋಗಿ ಆರಿಸಿ ತಂದಳು. ನಾನು ಪಟ್ಟು ಹಿಡಿದು ಹುಡುಕಿ ನಳವನ್ನೂ ಹೊಸದು ಹಾಕಿಸಿದೆ.

ಅಷ್ಟಕ್ಕೆ ಅವಳು ಬಿಡಲಿಲ್ಲ. ಬಿಚ್ಚುವುದನ್ನು ತನಗೂ ಕಲಿಸು ಎಂದಳು. ಅಕ್ಕಿಯಲ್ಲಿ ಹರಳು ಆರಿಸಿ ಪಳಗಿದ ಬೆರಳು. ಎರಡು ಭಾನುವಾರದೊಳಗೆ ನನಗಿಂತ ಬೇಗ ಬಟ್ಟಲು ಬಿಚ್ಚಿ, ಜೆಟ್ಟನ್ನು ತೊಳೆದು, ಊದಿ, ಬಿಸಿಲಿಗೆ ಹಿಡಿದು ನೋಡಿ ಕೂಡಿಸತೊಡಗಿದಳು. ಜೆಟ್ಟಿನೊಳಗೆ ತಂತಿ ಹಾಕಬಾರದು, ತೂತು ದೊಡ್ಡದಾಗುತ್ತದೆ ಎಂದು ಪರಶುರಾಮ ಹೇಳಿದ್ದನ್ನು ಅವಳು ಮಂತ್ರದ ಹಾಗೆ ಪಾಲಿಸುತ್ತಿದ್ದಳು. ನಾನು ಒಮ್ಮೆ ಅವಸರಕ್ಕೆ ಪಿನ್ನು ಹಾಕಲು ಹೋದಾಗ ಕೈಮೇಲೆ ಹೊಡೆದಳು. ಭಾನುವಾರ ಅವಳ ಸೆರಗಿಗೆ ಪೆಟ್ರೋಲು ಬೀಳದಿದ್ದರೆ ಅದು ಭಾನುವಾರವೇ ಅಲ್ಲ. ಪರಶುರಾಮ ಬಂದು, ಕಾಕೂ, ನನ್ನ ಗ್ಯಾರೇಜಿಗೂ ಬರ್ರಿ ಎಂದು ಚೇಷ್ಟೆ ಮಾಡುತ್ತಿದ್ದ. ಆ ಚಳಿಗಾಲ ಪೂರ್ತಿ ಗಾಡಿ ಒಂದು ದಿನವೂ ನಿಲ್ಲಲಿಲ್ಲ.

ಮಳೆಗಾಲ ತಿರುಗಿ ಬಂತು. ಕಣಕುಂಬಿಯಲ್ಲಿ ಒಂದು ಎಮ್ಮೆಗೆ ಕರು ಅಡ್ಡ ಸಿಕ್ಕಿ, ಮಧ್ಯಾಹ್ನದ ಮೇಲೆ ನನಗೆ ಕರೆ ಬಂತು. ಸುರಿಯುವ ಮಳೆ. ಕರುವನ್ನು ತಿರುಗಿಸಿ ಹೊರಗೆ ತೆಗೆದು, ತಾಯಿ ಎದ್ದು ನಿಂತು ಅದನ್ನು ನೆಕ್ಕುವವರೆಗೆ ಬಿಟ್ಟು ಬರುವಂತಿರಲಿಲ್ಲ. ಅವ್ವನಿಗೆ ಸುದ್ದಿ ಮುಟ್ಟಿಸಲು ಆ ಊರಿನಲ್ಲಿ ನಡೆಯುವ ಫೋನಿರಲಿಲ್ಲ. ಜಾಂಬೋಟಿಗೆ ಬರುವಾಗಲೇ ಕತ್ತಲಾಗಿತ್ತು. ಗುಳಿಗೆ ನುಂಗಿರುತ್ತಾಳೆ, ಗೋಡೆಗೆ ಒರಗಿ ಕೂತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ. ಆ ಮಳೆಯಲ್ಲಿ, ಆ ಏರಿನಲ್ಲಿ ಗಾಡಿ ಒಂದು ಸಲವೂ ಬಿಕ್ಕಲಿಲ್ಲ.

ಓಡಿ ಒಳಗೆ ಬಂದೆ. ಅವ್ವ ದೀಪದ ಕೆಳಗೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬೆವರಿಲ್ಲ, ನಡುಕವಿಲ್ಲ. ಒಂದು ತಾಟು ತೊಳೆದು ಬೋರಲು ಹಾಕಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವಳು ಸ್ವಲ್ಪ ನಾಚಿದಳು.

“ಉಂಡ್ಯಾ?” ಎಂದೆ.

“ಉಂಡೆ. ಕಾರ್ಬೇಟರ್ ನಾನ ತೊಳದೇನಿ, ಜೆಟ್ ನಾನ ನೋಡಿ ಕೂಡಿಸೇನಿ. ಗಾಡಿ ನಿಂದ್ರೂದಿಲ್ಲ ಅಂತ ಗೊತ್ತಿತ್ತು. ಎಲ್ಲೋ ದನದ ಕೆಲಸ ಬಂದಿರಬೇಕು, ನೀ ಬಂದ ಬರ್ತಿ ಅಂದ್ಕೊಂಡೆ.” ಎರಡು ಬತ್ತಿ ಹೊಸೆದ ಮೇಲೆ ಹೇಳಿದಳು. “ನಿಮ್ಮಪ್ಪ ಹ್ವಾದ ಮ್ಯಾಲೆ ಇವತ್ತ ಊಟ ರುಚಿ ಹತ್ತಿತು ನೋಡ ತಮ್ಮಾ.”

ನಾನು ಅಂದು ಉಪವಾಸ ಮಲಗಿದೆ. ಅಷ್ಟು ಹೊಟ್ಟೆ ತುಂಬಿ ನಾನು ಎಂದೂ ಮಲಗಿಲ್ಲ.

ಮೊನ್ನೆ ಮೆರವಣಿಗೆ ಸರಿದು ರಿಕ್ಷಾ ಮನೆ ಮುಟ್ಟಿದಾಗ ಬಿಸಿಲು ಮಾಡಿನ ಅಂಚಿನಲ್ಲಿತ್ತು. ಹೆಂಡತಿ ತಾಟು ಹಾಕಿದ್ದಳು. ಮಗಳು ಊರಾಚೆಯ ಸಾಂಬ್ರಾದಲ್ಲಿ ನೌಕರಿಗೆ ಹೋಗುತ್ತಾಳೆ, ಸ್ಕೂಟರಿನಲ್ಲಿ ಬರುತ್ತಾಳೆ, ಇನ್ನೂ ಬಂದಿರಲಿಲ್ಲ. ಇಂಥ ಹೊತ್ತಿನಲ್ಲಿ ನಾನು ದಿನಾ ಮಾಡುವುದು ನನ್ನ ಹೆಂಡತಿಗೆ ಬಾಯಿಪಾಠ: ಬಾಗಿಲಿಗೆ ಹೋಗುವುದು, ಒಳಗೆ ಬರುವುದು, ಮಗಳಿಗೆ ಮತ್ತೆ ಮತ್ತೆ ಫೋನು ಮಾಡುವುದು, ಓಡಿಸುವಾಗ ಫೋನು ಎತ್ತಿದ್ದಕ್ಕೆ ಅವಳನ್ನೇ ಬೈಯುವುದು, ಕೊನೆಗೆ ಹೊತ್ತು ಮುಳುಗಿಸಿ ಉಪವಾಸ ಕೂಡುವುದು. ಅವಳ ಈಗಿನ ಕಾಲದ ಸ್ಕೂಟರಿನಲ್ಲಿ ನಾನು ಬಿಚ್ಚುವಂಥದ್ದು ಏನೂ ಇಲ್ಲ. ಜೆಟ್ಟಿಲ್ಲ, ಬಟ್ಟಲಿಲ್ಲ, ಎಲ್ಲವೂ ಮುಚ್ಚಿದ ಡಬ್ಬಿಯೊಳಗೆ. ಊದಿ, ಬಿಸಿಲಿಗೆ ಹಿಡಿದು ನೋಡಿ ಸಮಾಧಾನ ಪಡುವ ಅನುಕೂಲ ಅವ್ವನಿಗಿತ್ತು, ನನಗಿಲ್ಲ. ಓಡಿಸುವವಳನ್ನೇ ನಂಬಬೇಕು.

ಫೋನನ್ನು ಒಳಗಿಟ್ಟು ಬಂದು ಕೂತೆ. ಬಡಿಸು ಎಂದೆ. ಹೆಂಡತಿ ಒಂದು ಸಲ ನನ್ನ ಮುಖ ನೋಡಿ ಬಡಿಸಿದಳು. ಮೊದಲ ತುತ್ತನ್ನು ಬಾಗಿಲ ಕಡೆ ನೋಡುತ್ತ ಉಂಡೆ, ಎರಡನೆಯದನ್ನು ತಾಟು ನೋಡಿಕೊಂಡು. ಮಗಳು ಬಂದು ಗಾಡಿ ನಿಲ್ಲಿಸಿ ಒಳಗೆ ಕಾಲಿಡುವಾಗ ನಾನು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದೆ.